ದೂರವಾಣಿಯ ಮೇಲೆ ಸರ್ಕಾರದ ಹತೋಟಿ: ರೈತರು ತಿಳಿದಿರಬೇಕಾದ ಸಂಗತಿಗಳು

ವರ್ಷಕ್ಕೆ ತಿಂಗಳು ಹನ್ನೆರಡು ಎಂಬುದು ಮಕ್ಕಳಿಗೂ ಗೊತ್ತು. ಆದರೆ ಮೊಬೈಲಿಗೆ ಕರೆನ್ಸಿ ಹಾಕಿಸುವ ನಮ್ಮ ರೈತರ ಲೆಕ್ಕದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಕಂಪನಿಯ ತಿಂಗಳು 28 ದಿನಕ್ಕೇ ಮುಗಿಯುವುದು ಇದಕ್ಕೆ ಕಾರಣ. 28ನ್ನು 13ರಿಂದ ಗುಣಿಸಿದರೆ 364. ಒಂದು ಸಲಕ್ಕೆ 200 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 2,400 ರೂಪಾಯಿಯ ಬದಲು 2,600 ರೂಪಾಯಿ ಕೊಟ್ಟಂತಾಯಿತು. ಮನೆಯಲ್ಲಿ ಮೂರು ಮೊಬೈಲುಗಳಿದ್ದರೆ ಹೆಚ್ಚಿಗೆ ಹೋಗುವ ಹಣ 600 ರೂಪಾಯಿ. ಎರಡು ಚೀಲ ಯೂರಿಯಾ ತರಲು ಇಷ್ಟು ಸಾಕು.

ಈ ವಿಷಯದಲ್ಲಿ ಗ್ರಾಹಕರಿಂದ ದೂರುಗಳು ಬಂದ ಮೇಲೆ 2022ರ ಜನವರಿಯಲ್ಲಿ ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಜನರ ಬಾಯಲ್ಲಿ 'ಟ್ರಾಯ್') ಒಂದು ಆದೇಶ ಹೊರಡಿಸಿತು. ಪ್ರತಿಯೊಂದು ಕಂಪನಿಯೂ ಕನಿಷ್ಠ ಒಂದಾದರೂ 30 ದಿನಗಳ ಯೋಜನೆಯನ್ನು, ಹಾಗೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಇನ್ನೊಂದು ಯೋಜನೆಯನ್ನು ಇಟ್ಟಿರಲೇಬೇಕು ಎಂಬುದು ಆ ಆದೇಶದ ತಿರುಳು. ಆದೇಶ ಬಂದು ವರ್ಷಗಳೇ ಕಳೆದಿವೆ. ಆದರೆ ತರಬೇತಿಗೆಂದು ಬರುವ ರೈತರನ್ನು ವಿಚಾರಿಸಿದರೆ ಹತ್ತರಲ್ಲಿ ಒಬ್ಬರಿಗೂ ಇದರ ಅರಿವಿರುವುದಿಲ್ಲ. ಅಂಗಡಿಯವನು ಹೇಳಿದ್ದನ್ನು ಹಾಕಿಸಿಕೊಂಡು ಬರುವುದೇ ರೂಢಿಯಾಗಿದೆ. ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೇಲಿನ ಚೀಟಿ ಓದುವ ರೈತ ಮೊಬೈಲಿನ ವಿಷಯದಲ್ಲಿ ಮಾತ್ರ ಚೀಟಿ ಓದುವುದಿಲ್ಲ.

ಬೆಳೆ ಸಮೀಕ್ಷೆ, ಪಿ.ಎಂ. ಕಿಸಾನ್ ಹಣ, ಬ್ಯಾಂಕಿನ ಸಂದೇಶ, ಮಾರುಕಟ್ಟೆ ಧಾರಣೆ, ಮಳೆಯ ಮುನ್ಸೂಚನೆ ಎಲ್ಲವೂ ಇಂದು ಈ ಸಣ್ಣ ಪೆಟ್ಟಿಗೆಯ ಮೂಲಕವೇ ಬರುತ್ತವೆ. ಆದ್ದರಿಂದ ಇದರ ಮೇಲೆ ಯಾರ ಹತೋಟಿ ಇದೆ, ಯಾವ ಕೆಲಸ ಯಾರದು, ತೊಂದರೆಯಾದಾಗ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಅರಿತಿರುವುದು ಅವಶ್ಯಕ.

ತಂತಿ ಕಂಬದ ಕಾಲ

ನಮ್ಮ ದೇಶದಲ್ಲಿ ದೂರಸಂಪರ್ಕದ ಮೇಲಿನ ಸರ್ಕಾರದ ಹಿಡಿತಕ್ಕೆ ತಳಹದಿ ಹಾಕಿದ್ದು 1885ರ ಭಾರತೀಯ ತಂತಿ ಕಾಯಿದೆ. ತಂತಿ ಎಳೆಯುವ, ಸುದ್ದಿ ಕಳುಹಿಸುವ ಹಕ್ಕು ಸರ್ಕಾರದ್ದೇ. ಬೇರೆಯವರು ಮಾಡಬೇಕಾದರೆ ಅದರಿಂದ ಪರವಾನಗಿ ಪಡೆಯಬೇಕು ಎಂದು ಆ ಕಾಯಿದೆ ಸಾರಿತು. ಮುಂದೆ ದೂರವಾಣಿ ಬಂದಾಗಲೂ, ಮೊಬೈಲ್ ಬಂದಾಗಲೂ ಇದೇ ಕಾಯಿದೆಯನ್ನು ಹಿಗ್ಗಿಸಿ ಬಳಸಲಾಯಿತು. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆ ನಿಂತುಹೋಯಿತು. ಆದರೂ ತಂತಿಯ ಹೆಸರಿನ ಕಾಯಿದೆ ಇನ್ನೂ ಹತ್ತು ವರ್ಷ ಮೊಬೈಲನ್ನು ಆಳಿತು ಎಂಬುದು ಸ್ವಾರಸ್ಯದ ಸಂಗತಿ.

ಈ ಹಳೆಯ ಕಾಯಿದೆಯ ಒಂದು ಭಾಗ ರೈತರಿಗೆ ನೇರವಾಗಿ ಸಂಬಂಧಿಸಿದ್ದು. ಇಲಾಖೆಯವರು ಖಾಸಗಿ ಜಮೀನಿನಲ್ಲಿ ಕಂಬ ನೆಟ್ಟು ತಂತಿ ಎಳೆಯಬಹುದು. ಆದರೆ ಇದರಿಂದ ನೆಲದ ಒಡೆತನ ಅವರಿಗೆ ಬರುವುದಿಲ್ಲ, ಬಳಕೆಯ ಹಕ್ಕು ಮಾತ್ರ ಬರುತ್ತದೆ. ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು. ಪರಿಹಾರದ ಮೊತ್ತ ಸಾಲದೆನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಿಕೊಳ್ಳಬಹುದು. ಹೈಟೆನ್ಷನ್ ವಿದ್ಯುತ್ ಮಾರ್ಗಗಳು ಹೊಲದ ಮೇಲೆ ಹಾಯ್ದಾಗ ಅನ್ವಯಿಸುತ್ತ ಬಂದದ್ದೂ ಇದೇ ಭಾಗ. 2023ರ ಹೊಸ ದೂರಸಂಪರ್ಕ ಕಾಯಿದೆ ಹಳೆಯದರ ಜಾಗಕ್ಕೆ ಬಂದರೂ ವಿದ್ಯುತ್ ಮಾರ್ಗಗಳ ಮಟ್ಟಿಗೆ ಈ ಭಾಗವನ್ನು ಉಳಿಸಿಕೊಳ್ಳಲಾಗಿದೆ. ಹೊಸ ಕಾಯಿದೆಯ ಕಲಮುಗಳನ್ನು 2024ರ ಜೂನ್‌ನಿಂದ ಹಂತ ಹಂತವಾಗಿ ಜಾರಿಗೆ ತರಲಾಗುತ್ತಿದೆ.

ಹಿಂದೆ ಹಳ್ಳಿಯಿಂದ ದೂರದೂರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಕಾದಿರಿಸಿ ಅಂಚೆ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂರಬೇಕಾಗಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಈ ಸ್ಥಿತಿ ಬದಲಾಗಲು ಒಂದು ಮುಖ್ಯ ಹೆಜ್ಜೆ ನಮ್ಮ ನಾಡಿನಲ್ಲೇ ಬಿದ್ದಿತು. ಕೇಂದ್ರ ಸರ್ಕಾರ 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಮಾರ್ಗಗಳ ಸಣ್ಣ ವಿನಿಮಯ ಕೇಂದ್ರವೊಂದನ್ನು ರೂಪಿಸಿತು. ಅದಕ್ಕೆ ಹವಾನಿಯಂತ್ರಿತ ಕೊಠಡಿ ಬೇಕಿರಲಿಲ್ಲ. ನಮ್ಮ ಬಿಸಿಲು, ಧೂಳುಗಳನ್ನು ತಾಳಿಕೊಳ್ಳುವಂತೆ ಅದನ್ನು ಕಟ್ಟಲಾಗಿತ್ತು. 1986ರಲ್ಲಿ ಅಂಥ ಮೊದಲ ಕೇಂದ್ರ ಕೆಲಸ ಆರಂಭಿಸಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ.

ತಕ್ಕಡಿ ಹಿಡಿಯುವವರು ಯಾರು?

ಸಗಟು ಮಾರುಕಟ್ಟೆಯ ಹಳೆಯ ದಿನಗಳನ್ನು ಜ್ಞಾಪಿಸಿಕೊಳ್ಳಿ. ಮಾಲು ಕೊಳ್ಳುವ ವರ್ತಕನೇ ತಕ್ಕಡಿ ಹಿಡಿಯುತ್ತಿದ್ದ, ಅವನೇ ಬೆಲೆ ಹೇಳುತ್ತಿದ್ದ, ತಕರಾರು ಬಂದರೆ ಅವನೇ ತೀರ್ಮಾನ ಕೊಡುತ್ತಿದ್ದ. ನಿಯಂತ್ರಿತ ಮಾರುಕಟ್ಟೆಗಳು ಬಂದ ಮೇಲೆ ತೂಕಕ್ಕೊಬ್ಬರು, ಹರಾಜಿಗೊಬ್ಬರು, ಮೇಲ್ವಿಚಾರಣೆಗೊಂದು ಸಮಿತಿ ಎಂದಾಯಿತು. ದೂರಸಂಪರ್ಕದಲ್ಲಿಯೂ ನಡೆದದ್ದು ಹೆಚ್ಚು ಕಡಿಮೆ ಇದೇ.

1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಆಗ ಹೊರಗೆ ಮಾಡುವ ಕರೆಗೆ ಮಾತ್ರವಲ್ಲ, ಬರುವ ಕರೆಗೂ ಹಣ ತೆರಬೇಕಿತ್ತು. ಈ ಕಾಲದಲ್ಲಿ ದೂರಸಂಪರ್ಕ ಇಲಾಖೆ ತಾನೇ ಸೇವೆ ಮಾರುತ್ತಿತ್ತು, ತನ್ನೊಡನೆ ಪೈಪೋಟಿ ಮಾಡುವವರಿಗೆ ತಾನೇ ಪರವಾನಗಿಯನ್ನೂ ಕೊಡುತ್ತಿತ್ತು. ಇದು ಸರಿಯಲ್ಲವೆಂದು 1997ರಲ್ಲಿ ಟ್ರಾಯ್ ಎಂಬ ಪ್ರತ್ಯೇಕ ಪ್ರಾಧಿಕಾರವನ್ನು ಕಾಯಿದೆಯ ಮೂಲಕ ರಚಿಸಲಾಯಿತು. 2000ದಲ್ಲಿ ಕಾಯಿದೆಯನ್ನು ತಿದ್ದಿ, ವ್ಯಾಜ್ಯ ತೀರ್ಮಾನದ ಕೆಲಸವನ್ನು ಬೇರೆಯೇ ಒಂದು ನ್ಯಾಯಮಂಡಳಿಗೆ ವಹಿಸಿದರು. ಅದೇ ವರ್ಷದ ಅಕ್ಟೋಬರ್ 1ರಂದು ಇಲಾಖೆಯ ಸೇವಾ ವಿಭಾಗ ಬಿ.ಎಸ್.ಎನ್.ಎಲ್. ಎಂಬ ಕಂಪನಿಯಾಯಿತು.

ಈಗಿನ ಏರ್ಪಾಡು ಹೀಗಿದೆ: ಪರವಾನಗಿ, ತರಂಗಾಂತರ, ಸಿಮ್ ಕೊಡುವ ನಿಯಮ ಇವು ಕೇಂದ್ರದ ದೂರಸಂಪರ್ಕ ಇಲಾಖೆಯ ಕೆಲಸ. ಸೇವೆಯ ಗುಣಮಟ್ಟ, ದರದ ನಿಯಮ, ಗ್ರಾಹಕರ ರಕ್ಷಣೆಯ ನಿಯಮ ಟ್ರಾಯ್‌ಗೆ ಸೇರಿದ್ದು. ಕಂಪನಿ ಕಂಪನಿಗಳ ನಡುವಿನ, ಕಂಪನಿ ಮತ್ತು ಸರ್ಕಾರದ ನಡುವಿನ ಜಗಳ ನ್ಯಾಯಮಂಡಳಿಗೆ. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಹೇಳಿದೆ. ಅವನ್ನು ಹಂಚಿದ ಕ್ರಮ ಸರಿಯಲ್ಲವೆಂದು 2012ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಒಂದೇ ತೀರ್ಪಿನಲ್ಲಿ 122 ಪರವಾನಗಿಗಳನ್ನು ರದ್ದು ಮಾಡಿತು.

ದರ ಏರಿದಾಗ

"ಸರ್ಕಾರ ಇರುವಾಗ ಕಂಪನಿಯವರು ತಮಗೆ ಬೇಕಾದಂತೆ ದರ ಏರಿಸುವುದು ಹೇಗೆ?" ಎಂದು ಹಲವರು ಕೇಳುತ್ತಾರೆ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಹೆಚ್ಚಿಸಿದಾಗ ಈ ಪ್ರಶ್ನೆ ಜೋರಾಗಿಯೇ ಕೇಳಿಬಂದಿತು. ಉತ್ತರ ಹಿತವಾದುದಲ್ಲ. ಮೊಬೈಲ್ ದರವನ್ನು ಟ್ರಾಯ್ ಗೊತ್ತು ಮಾಡುವುದಿಲ್ಲ. ಪೈಪೋಟಿಯೇ ದರವನ್ನು ಹಿಡಿತದಲ್ಲಿಡುತ್ತದೆ ಎಂಬ ನಂಬಿಕೆಯಿಂದ ಇಪ್ಪತ್ತು ವರ್ಷಗಳಿಗೂ ಹಿಂದೆಯೇ ಅದನ್ನು ಕಂಪನಿಗಳಿಗೆ ಬಿಡಲಾಗಿದೆ. ಕಂಪನಿಗಳು ಹಲವು ಇದ್ದಾಗ ಈ ನಂಬಿಕೆ ನಿಜವೂ ಆಯಿತು, ಕರೆಯ ದರ ಪೈಸೆಗಳಿಗೆ ಇಳಿಯಿತು. ಕಂಪನಿಗಳು ಮೂರು ನಾಲ್ಕಕ್ಕೆ ಇಳಿದ ಮೇಲೂ ಅದೇ ನಂಬಿಕೆಯಲ್ಲಿ ಕೂರುವುದು ಎಷ್ಟು ಸರಿ ಎಂಬುದು ವಿಚಾರ ಮಾಡಬೇಕಾದ ವಿಷಯ. ಖರೀದಿದಾರರು ಇಬ್ಬರೇ ಬಂದ ದಿನ ಹರಾಜು ಹೇಗೆ ನಡೆಯುತ್ತದೆಂದು ರೈತನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ಟ್ರಾಯ್ ಕೈ ಕಟ್ಟಿ ಕೂತಿಲ್ಲ. ದರ ಕಟ್ಟದಿದ್ದರೂ ಯೋಜನೆ ಹೇಗಿರಬೇಕೆಂದು ಅದು ಹೇಳಬಲ್ಲದು. ಹಳ್ಳಿಗಳಲ್ಲಿ ಕೀಪ್ಯಾಡ್ ಮೊಬೈಲ್ ಇಟ್ಟುಕೊಂಡವರು ಇಂದಿಗೂ ಬಹಳ ಮಂದಿ. ಇವರಿಗೆ ಬೇಕಾದುದು ಮಾತು ಮಾತ್ರ. ಆದರೆ ಅಂತರ್ಜಾಲದ 'ಡಾಟಾ' ಸೇರಿಸಿದ ಯೋಜನೆಗಳನ್ನೇ ಇವರು ಕೊಳ್ಳಬೇಕಾಗಿತ್ತು. ಹಸುವಿಲ್ಲದವನಿಗೆ ಹಿಂಡಿ ಕಟ್ಟಿಕೊಟ್ಟಂತೆ! 2024ರ ಡಿಸೆಂಬರ್ 23ರಂದು ಟ್ರಾಯ್ ನಿಯಮ ತಿದ್ದಿ, ಮಾತು ಮತ್ತು ಎಸ್.ಎಂ.ಎಸ್. ಮಾತ್ರ ಇರುವ ಕನಿಷ್ಠ ಒಂದು ಯೋಜನೆಯನ್ನು ಪ್ರತಿ ಕಂಪನಿಯೂ ಕೊಡಬೇಕೆಂದು ವಿಧಿಸಿತು. ಇಂಥ ಯೋಜನೆಗಳ ಅವಧಿಯ ಮಿತಿಯನ್ನು 90 ದಿನಗಳಿಂದ 365 ದಿನಗಳಿಗೆ ಏರಿಸಿತು. 2025ರ ಜನವರಿಯಲ್ಲಿ ಕಂಪನಿಗಳು ಇವನ್ನು ಹೊರತಂದವು. ಹೆಚ್ಚಿನವು 84 ದಿನ, 365 ದಿನಗಳಂಥ ದೀರ್ಘಾವಧಿಯವು. ಒಮ್ಮೆಲೇ ಹೆಚ್ಚು ಹಣ ಕಟ್ಟಬೇಕಾಗುತ್ತದೆ. ಸುಗ್ಗಿ ಮುಗಿದು ಕೈಯಲ್ಲಿ ಹಣ ಆಡುವಾಗ ವರ್ಷದ ಯೋಜನೆ ಹಾಕಿಸಿಕೊಂಡರೆ ಅನುಕೂಲ. ಕೂಲಿಯನ್ನೇ ನಂಬಿದವರಿಗೆ ಇದು ಸುಲಭವಲ್ಲ, ನಿಯಮದಲ್ಲಿ ಉಳಿದಿರುವ ಕೊರತೆಯೂ ಇದೇ. ಅಂಗಡಿಯವನು ತಾನಾಗಿ ಇದರ ಹೆಸರೆತ್ತುವುದಿಲ್ಲ. "ಮಾತಿಗೆ ಮಾತ್ರ ಇರುವ ಪ್ಯಾಕ್ ಹಾಕು" ಎಂದು ನೀವೇ ಕೇಳಬೇಕು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ ಬೆಳೆಯ ರೋಗದ ಬಗ್ಗೆ ಕನ್ನಡದಲ್ಲೇ ಸಲಹೆ ಪಡೆಯಲು ಕೀಪ್ಯಾಡ್ ಮೊಬೈಲ್ ಧಾರಾಳವಾಗಿ ಸಾಕು.

ಹೊಲದಲ್ಲಿ ಟವರ್

ರೈತರು ಹೆಚ್ಚು ಮೋಸ ಹೋಗುತ್ತಿರುವುದು ಈ ವಿಷಯದಲ್ಲಿಯೇ. ಒಂದು ದಿನ ಕರೆ ಬರುತ್ತದೆ: ನಿಮ್ಮ ಸರ್ವೆ ನಂಬರು ಟವರಿಗೆ ಆಯ್ಕೆಯಾಗಿದೆ, ತಿಂಗಳಿಗೆ ಇಷ್ಟು ಸಾವಿರ ಬಾಡಿಗೆ, ಮನೆಯವರಲ್ಲೊಬ್ಬರಿಗೆ ಕೆಲಸ, ಲಕ್ಷಗಟ್ಟಲೆ ಮುಂಗಡ. ಆಮೇಲೆ ಟ್ರಾಯ್ ಮುದ್ರೆಯ ಪತ್ರವೊಂದು ಮೊಬೈಲಿಗೆ ಬರುತ್ತದೆ. ನೋಂದಣಿ ಶುಲ್ಕ, ತೆರಿಗೆ, ವಿಮೆ ಎಂದು ಒಂದೊಂದೇ ಹೆಸರಿನಲ್ಲಿ ಹಣ ಕಟ್ಟಿಸಿಕೊಳ್ಳುತ್ತಾರೆ. ಸಾಲ ಮಾಡಿ ಕಟ್ಟಿದವರೂ ಇದ್ದಾರೆ. ಕೊನೆಗೆ ಟವರೂ ಇಲ್ಲ, ಕರೆ ಮಾಡಿದವನೂ ಇಲ್ಲ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಟವರ್ ಸ್ಥಾಪನೆಗೆ ಟ್ರಾಯ್ ಯಾವ ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ. ಜಾಗ ಬಾಡಿಗೆ ಹಿಡಿಯುವ ವ್ಯವಹಾರದಲ್ಲಿ ಟ್ರಾಯ್ ಆಗಲಿ ದೂರಸಂಪರ್ಕ ಇಲಾಖೆಯಾಗಲಿ ಕೈ ಹಾಕುವುದೂ ಇಲ್ಲ. ಇದನ್ನು ಅವರೇ ಹಲವು ಬಾರಿ ಪ್ರಕಟಣೆ ಹೊರಡಿಸಿ ತಿಳಿಸಿದ್ದಾರೆ. ನಿಜವಾದ ಕಂಪನಿ ಜಾಗದ ಮಾಲೀಕನಿಗೆ ಹಣ ಕೊಡುತ್ತದೆಯೇ ಹೊರತು ಅವನಿಂದ ಮುಂಗಡ ಕೇಳುವುದಿಲ್ಲ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಂಭವ ಹೆಚ್ಚು. ನಾಚಿಕೆಯಿಂದ ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಠಾಣೆಗೆ ಹೋದರೆ ಹೆಚ್ಚು ಪ್ರಯೋಜನವಾಗದು.

ನಿಜವಾಗಿಯೂ ಟವರ್ ಕಂಪನಿ ಬಂದರೆ? ಆಗ ಕರಾರು ಪತ್ರವನ್ನು ಓದಿಸಿ ಕೇಳಬೇಕು. ಒಂದು ವರ್ಷ ಮೀರಿದ ಭೋಗ್ಯ ಪತ್ರವನ್ನು ಉಪನೋಂದಣಾಧಿಕಾರಿಯವರಲ್ಲಿ ನೋಂದಾಯಿಸಲೇಬೇಕು. ಎಷ್ಟು ವರ್ಷಕ್ಕೊಮ್ಮೆ ಬಾಡಿಗೆ ಏರುತ್ತದೆ, ಕರಾರು ಮುಗಿದ ಮೇಲೆ ಕಾಂಕ್ರೀಟ್ ಅಡಿಪಾಯವನ್ನು ಯಾರು ಕೀಳಿಸಬೇಕು, ಡೀಸೆಲ್ ಯಂತ್ರದ ಹೊಗೆ ಎಣ್ಣೆಗಳಿಂದ ಬೆಳೆ ಹಾಳಾದರೆ ಹೊಣೆ ಯಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. 2023ರ ಕಾಯಿದೆಯ ಪ್ರಕಾರ ಟವರ್ ನಿಮ್ಮ ನೆಲದಲ್ಲಿ ನಿಂತಿದ್ದರೂ ಅದು ನಿಮ್ಮ ಸ್ವತ್ತಿನ ಭಾಗವಾಗುವುದಿಲ್ಲ. ಇನ್ನೊಂದು ಮಾತನ್ನೂ ಬಲ್ಲವರಾಗಿರಬೇಕು. ಮಾಲೀಕ ಒಪ್ಪದಿದ್ದರೂ ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಕಂಡುಬಂದರೆ ದಾರಿಯ ಹಕ್ಕು ಕೊಡಿಸಲು ಸರ್ಕಾರಕ್ಕೆ ಇದೇ ಕಾಯಿದೆಯಲ್ಲಿ ಅವಕಾಶವಿದೆ. ಇದಕ್ಕೆ ಸಂಬಂಧಿಸಿದ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಆದ್ದರಿಂದ ನೋಟೀಸು ಬಂದರೆ ಮೂಲೆಗೆ ಎಸೆಯದೆ ಗಡುವಿನೊಳಗೆ ಲಿಖಿತ ಉತ್ತರ ಕೊಡಬೇಕು.

ಟವರಿನ ವಿಕಿರಣದ ಭಯವೂ ರೈತರಲ್ಲಿದೆ. ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಭಾಗವನ್ನು ನಮ್ಮ ದೇಶ 2012ರ ಸೆಪ್ಟೆಂಬರ್‌ನಿಂದ ತನ್ನ ಮಿತಿಯಾಗಿ ಇಟ್ಟುಕೊಂಡಿದೆ. ಸಂಶಯವಿದ್ದವರು ಇಲಾಖೆಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು.

ನಂಬರು ಎಂಬ ಬೀಗದ ಕೈ

ಬ್ಯಾಂಕಿಗೂ ಸರ್ಕಾರದ ಯೋಜನೆಗಳಿಗೂ ಕೊಟ್ಟಿರುವ ನಂಬರು ಮನೆಯ ಬೀಗದ ಕೈ ಇದ್ದಂತೆ. ಕರೆನ್ಸಿ ಹಾಕಿಸದೆ ತಿಂಗಳುಗಟ್ಟಲೆ ಬಿಟ್ಟರೆ ಕಂಪನಿ ಸಂಪರ್ಕ ಕಡಿಯುತ್ತದೆ. ಕಡಿದ ನಂಬರನ್ನು 90 ದಿನಗಳ ತನಕ ಬೇರೆಯವರಿಗೆ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ಹಾಗೆ ಕೊಟ್ಟಾಗ ನಿಮ್ಮ ಖಾತೆಯ ಸಂದೇಶ ಮತ್ತೊಬ್ಬರ ಕೈಸೇರುತ್ತದೆ. ನಂಬರು ಬದಲಾಯಿಸಿದವರು ಮೊದಲು ಬ್ಯಾಂಕಿಗೆ ಹೋಗಬೇಕು.

ನಿಮ್ಮ ಹೆಸರಿನಲ್ಲಿ ನಿಮಗೆ ತಿಳಿಯದ ಸಿಮ್‌ಗಳಿವೆಯೇ ಎಂಬುದನ್ನು ಇಲಾಖೆಯ 'ಸಂಚಾರ್ ಸಾಥಿ' ಜಾಲತಾಣದಲ್ಲಿ ನೋಡಬಹುದು; 2023ರ ಮೇ ತಿಂಗಳಿನಿಂದ ಈ ಸೌಲಭ್ಯವಿದೆ. ಕಳೆದುಹೋದ ಮೊಬೈಲನ್ನು ಅಲ್ಲಿಯೇ ನಿಷ್ಕ್ರಿಯ ಮಾಡಿಸಬಹುದು. ಕರ್ನಾಟಕದಲ್ಲಿ ಒಬ್ಬರ ಹೆಸರಿನಲ್ಲಿ 9 ಸಂಪರ್ಕಗಳ ತನಕ ಇರಬಹುದು. ಮೀರಿದರೆ ಮೊದಲ ಸಲಕ್ಕೆ 50,000 ರೂಪಾಯಿಗಳವರೆಗೆ ದಂಡವಿದೆ. ನೆಂಟರಿಗೆಂದು, ತೋಟದ ಆಳಿಗೆಂದು ನಿಮ್ಮ ಗುರುತಿನ ಚೀಟಿ ಕೊಟ್ಟು ಸಿಮ್ ಕೊಡಿಸುವುದು ನಿಲ್ಲಬೇಕು.

ಇದೇ ಸಂಚಾರ್ ಸಾಥಿಯ ಆ್ಯಪ್ ಹೊಸ ಮೊಬೈಲುಗಳಲ್ಲೆಲ್ಲ ಮೊದಲೇ ಇರತಕ್ಕದ್ದೆಂದು 2025ರ ನವೆಂಬರ್ ಕೊನೆಯಲ್ಲಿ ಇಲಾಖೆ ತಯಾರಕರಿಗೆ ಸೂಚಿಸಿತು. ಇದು ಜನರ ಖಾಸಗಿ ಬದುಕಿನಲ್ಲಿ ಕೈಯಾಡಿಸಿದಂತೆ ಎಂಬ ವಿರೋಧ ಬಂದಿತು. ಡಿಸೆಂಬರ್ 3ರಂದು ಇಲಾಖೆ ಆ ಕಡ್ಡಾಯವನ್ನು ಕೈಬಿಟ್ಟಿತು. ಒಳ್ಳೆಯ ಸಲಕರಣೆಯಾದರೂ ಹೇರಿಕೆಯಾದಾಗ ಜನ ಒಪ್ಪಲಾರರು. ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರಲ್ಲಿ ರಾಜೀನಾಮೆ ಕೊಟ್ಟದ್ದೂ ನಮ್ಮ ರಾಜ್ಯದಲ್ಲಿಯೇ.

ಅಂತರ್ಜಾಲವನ್ನು ನಿಲ್ಲಿಸುವ ಅಧಿಕಾರವೂ ಸರ್ಕಾರಕ್ಕಿದೆ. 2021ರ ಜನವರಿ ಕೊನೆಯಲ್ಲಿ ದೆಹಲಿಯ ಗಡಿಗಳಲ್ಲಿ ರೈತರು ಧರಣಿ ಕುಳಿತಿದ್ದಾಗ ಸಿಂಘು, ಟಿಕ್ರಿ, ಘಾಜಿಪುರಗಳಲ್ಲಿ ಅದನ್ನು ಬಳಸಲಾಯಿತು. ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ಆದೇಶವನ್ನು ಪ್ರಕಟಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2020ರ ಜನವರಿಯಲ್ಲಿ ಹೇಳಿತ್ತು. ಒಂದು ಆದೇಶದ ಅವಧಿಗೆ 15 ದಿನಗಳ ಮಿತಿ ಇದೆ.

ಸಿಗ್ನಲ್ ಇಲ್ಲದ ಊರು

ಲಾಭ ಬಾರದ ಹಳ್ಳಿಗೆ ಕಂಪನಿಗಳು ತಾವಾಗಿ ಹೋಗುವುದಿಲ್ಲವೆಂದು 2002ರ ಏಪ್ರಿಲ್‌ನಲ್ಲಿ ಒಂದು ನಿಧಿಯನ್ನು ಆರಂಭಿಸಲಾಯಿತು. ಕಂಪನಿಗಳ ಹೊಂದಾಣಿಕೆ ಮಾಡಿದ ಆದಾಯದ ಶೇಕಡಾ 5 ಭಾಗ ಅದಕ್ಕೆ ಹೋಗುತ್ತದೆ. ಈಗ ಅದರ ಹೆಸರು 'ಡಿಜಿಟಲ್ ಭಾರತ್ ನಿಧಿ'. ಕಂಪನಿಗೆ ಬರುವ ಆದಾಯ ನಿಮ್ಮ ಜೇಬಿನಿಂದಲೇ ಹೋದದ್ದು. ಹೀಗಿದ್ದೂ ಮಲೆನಾಡಿನ ಎಷ್ಟೋ ಊರುಗಳಲ್ಲಿ ಮಾತನಾಡಲು ಗುಡ್ಡ ಹತ್ತಬೇಕಾಗಿದೆ. ಶಿವಮೊಗ್ಗ ಜಿಲ್ಲೆಯ ಕೆಲವು ಊರಿನವರು ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂದು ಪಟ್ಟು ಹಿಡಿದದ್ದೂ ಉಂಟು. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಸೇವೆ ಮುಟ್ಟಿಸಲು ಕೇಂದ್ರ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಕಂಪನಿಗಳು ತಮ್ಮ ಸೇವೆ ಎಲ್ಲೆಲ್ಲಿ ಇದೆಯೆಂಬ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು 2024ರ ನಿಯಮ ಹೇಳುತ್ತದೆ. ನಕ್ಷೆಯಲ್ಲಿ ನಿಮ್ಮ ಊರಿಗೆ ಬಣ್ಣ ಬಳಿದಿದ್ದು ಊರಿನಲ್ಲಿ ಸಿಗ್ನಲ್ ಇಲ್ಲದಿದ್ದರೆ, ಆ ನಕ್ಷೆಯೇ ನಿಮ್ಮ ದೂರಿಗೆ ಸಾಕ್ಷಿ. ಗ್ರಾಮ ಸಭೆಯ ನಿರ್ಣಯದೊಡನೆ ಅದರ ಪ್ರತಿಯನ್ನೂ ಲಗತ್ತಿಸಿ ಕಳುಹಿಸಿರಿ.

ದೂರು ಕೊಡುವ ಕ್ರಮ

ಬಹಳ ಜನ ಮಾಡುವ ತಪ್ಪೆಂದರೆ ಮೊದಲೇ ಟ್ರಾಯ್‌ಗೆ ಬರೆಯುವುದು. ಬಿಡಿ ಬಿಡಿ ಗ್ರಾಹಕರ ದೂರನ್ನು ಇತ್ಯರ್ಥ ಮಾಡುವ ಅಧಿಕಾರ ಟ್ರಾಯ್‌ಗೆ ಇಲ್ಲ. ಮೊದಲು ನಿಮ್ಮ ಮೊಬೈಲಿನಿಂದಲೇ 198ಕ್ಕೆ ಕರೆ ಮಾಡಿ ಕಂಪನಿಯಲ್ಲಿ ದೂರು ದಾಖಲಿಸಬೇಕು, ಇದಕ್ಕೆ ಹಣವಿಲ್ಲ. ಆಗ ಅವರು ಒಂದು ಡಾಕೆಟ್ ಸಂಖ್ಯೆ ಕೊಡಬೇಕು. ಸಂಖ್ಯೆ ಕೊಡದೆ "ನೋಡುತ್ತೇವೆ" ಎಂದರೆ ದೂರು ದಾಖಲಾಗಿಲ್ಲವೆಂದೇ ತಿಳಿಯಿರಿ. ಉತ್ತರ ಸಮಾಧಾನ ತರದಿದ್ದರೆ 30 ದಿನಗಳೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ಅವರು 39 ದಿನಗಳಲ್ಲಿ ತೀರ್ಮಾನ ಕೊಡಬೇಕು. ಒಂದು ಜಿಲ್ಲೆಯಲ್ಲಿ 24 ಗಂಟೆ ಮೀರಿ ಸೇವೆ ನಿಂತುಹೋದರೆ ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿಯನ್ನು ವಿಸ್ತರಿಸಿಕೊಡಬೇಕೆಂಬ ನಿಯಮವಿದೆ, ಅದನ್ನೂ ಕೇಳಿ ಪಡೆಯಿರಿ.

ಅಲ್ಲಿಯೂ ನ್ಯಾಯ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರವಾಣಿಯ ವ್ಯಾಜ್ಯ ಗ್ರಾಹಕರ ವೇದಿಕೆಗೆ ಬರುವುದಿಲ್ಲ ಎಂದು 2009ರಲ್ಲಿ ಬಂದ ಒಂದು ತೀರ್ಪಿನಿಂದ ಹಲವು ವರ್ಷ ಈ ದಾರಿ ಮುಚ್ಚಿದಂತಾಗಿತ್ತು. 2022ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತೆರವು ಮಾಡಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಹೋಗುವ ಮುನ್ನ 1915ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು.

ಜಗಳವೇ ಬೇಡವೆನ್ನುವವರಿಗೆ ಇನ್ನೊಂದು ದಾರಿ ಇದೆ. ನಂಬರು ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶದೆಲ್ಲೆಡೆ ಇದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದಕ್ಷರ ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರನ್ನು ಬರೆದು 1900ಕ್ಕೆ ಎಸ್.ಎಂ.ಎಸ್. ಮಾಡಿದರೆ ಒಂದು ಸಂಕೇತ ಬರುತ್ತದೆ. ಆ ಸಂಕೇತವನ್ನು ಹೊಸ ಕಂಪನಿಯವರಿಗೆ ಕೊಟ್ಟರೆ ಸಾಕು. ಆದರೆ ಸಿಗ್ನಲ್ ಯಾರದು ಚೆನ್ನಾಗಿದೆ ಎಂಬುದನ್ನು ಪೇಟೆಯಲ್ಲಿ ನಿಂತು ನೋಡಬಾರದು. ಪಂಪ್‌ಸೆಟ್ಟಿನ ಬಳಿ ಅಕ್ಕಪಕ್ಕದ ಹೊಲದವರ ಮೊಬೈಲಿನಲ್ಲಿ ನೋಡಿಕೊಂಡು ಆಮೇಲೆ ಸಂದೇಶ ಕಳುಹಿಸಿರಿ. ಡಾಕೆಟ್ ಸಂಖ್ಯೆ, ತಾರೀಖು, ಮಾತನಾಡಿದವರ ಹೆಸರುಗಳನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಟ್ಟರೂ ಸಾಕು, ಆಯೋಗದ ಮುಂದೆ ಉಪಯೋಗಕ್ಕೆ ಬರುತ್ತದೆ.